ಎಂಪಿ ಸಾಹೇಬರ ಕಾಗದಪತ್ರ ಓದುವ ಬಗೆ

ಆಳಂದ, ಚಿಂಚೋಳಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ. ಅಲ್ಲಿಯವರ ಓಟು ಹೋಗುವುದು ಬೀದರ್ ಲೋಕಸಭಾ ಕ್ಷೇತ್ರಕ್ಕೆ. ಗುರುಮಠಕಲ್ ಯಾದಗಿರಿ ಜಿಲ್ಲೆಯದು, ಎಂಪಿ ಕಲಬುರಗಿಯವರು. ಯಾದಗಿರಿ, ಶಹಾಪುರ, ಸುರಪುರಕ್ಕೆ ರಾಯಚೂರಿನ ಎಂಪಿ. ಯಾದಗಿರಿ ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಇಲ್ಲ. 2024ರ ಚುನಾವಣೆಯಲ್ಲಿ ಕಲಬುರಗಿಯಿಂದ ರಾಧಾಕೃಷ್ಣ ದೊಡ್ಡಮನಿ, ಬೀದರಿನಿಂದ ಸಾಗರ್ ಖಂಡ್ರೆ, ರಾಯಚೂರಿನಿಂದ ಜಿ. ಕುಮಾರ ನಾಯಕ ಗೆದ್ದರು. “ನಮ್ಮ ಎಂಪಿ ಏನ್ ಮಾಡ್ಯಾರ್ರೀ?” ಎಂದು ಕಟ್ಟೆಯ ಮೇಲೆ ಕೂತು ಕೇಳುವ ಮೊದಲು ನಮ್ಮ ಎಂಪಿ ಯಾರು ಎಂದು ಖಾತ್ರಿ ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆಳಂದದ ರಸ್ತೆಗೆ ಕಲಬುರಗಿ ಎಂಪಿಯನ್ನು ಬೈಯುವವರು ಇವತ್ತಿಗೂ ಇದ್ದಾರೆ.

ಉಳಿದರ್ಧ ಜಗಳ ವಾಟ್ಸಾಪಿನಲ್ಲಿ ಓಡಾಡುವ ‘ರಿಪೋರ್ಟ್ ಕಾರ್ಡ್’ಗಳದ್ದು. ಹಾಜರಾತಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಭಾಗವಹಿಸಿದ ಚರ್ಚೆ ಇಷ್ಟು. ಈ ಅಂಕಿಗಳು ಸುಳ್ಳಲ್ಲ. ಆದರೆ ಎಂಪಿಯ ಕೆಲಸ ಅಳೆಯಲು ಇಷ್ಟು ಸಾಲುವುದಿಲ್ಲ, ಎಷ್ಟೋ ಸಲ ದಾರಿಯನ್ನೂ ತಪ್ಪಿಸುತ್ತವೆ. ಮಂತ್ರಿಯಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರು ಉತ್ತರ ಕೊಡುವ ಕಡೆ ಕೂತಿರುತ್ತಾರೆ. ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರಿಗೂ ಸಹಿಯ ಕಟ್ಟುಪಾಡಿಲ್ಲ. ಭಗವಂತ ಖೂಬಾ ಬೀದರಿನಿಂದ 2014 ಮತ್ತು 2019ರಲ್ಲಿ ಗೆದ್ದು, 2021ರ ಜುಲೈಯಲ್ಲಿ ಕೇಂದ್ರ ಸರ್ಕಾರದಲ್ಲಿ ರಾಜ್ಯ ಸಚಿವರಾದರು. ಅವರ ಮೊದಲ ಏಳು ವರ್ಷದ ಪ್ರಶ್ನೆಗಳನ್ನು ಕೊನೆಯ ಮೂರು ವರ್ಷದ ಖಾಲಿ ಪಟ್ಟಿಯ ಪಕ್ಕ ಇಟ್ಟು “ಆಮೇಲೆ ಸುಮ್ಮನಾದರು” ಅನ್ನುವುದು ತಪ್ಪು ಲೆಕ್ಕ. ಮಲ್ಲಿಕಾರ್ಜುನ ಖರ್ಗೆಯವರದೂ ಹಾಗೆಯೇ. 2009ರಿಂದ ಕಾರ್ಮಿಕ ಸಚಿವರು, 2013ರ ಜೂನ್‌ನಿಂದ ರೈಲ್ವೆ ಸಚಿವರು. ಆ ಐದು ವರ್ಷದಲ್ಲಿ ಅವರ ಹೆಸರಿನ ಪ್ರಶ್ನೆ ಸೊನ್ನೆ. 2021ರ ಫೆಬ್ರವರಿಯಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದ ಮೇಲೆ ಹಾಜರಾತಿಯ ಕಾಲಂ ಖಾಲಿ.

ಅದೇ ಸೊನ್ನೆ ಪ್ರಶ್ನೆಯ ಅವಧಿಯಲ್ಲಿ ಈ ಭಾಗಕ್ಕೆ ದಿಲ್ಲಿಯಿಂದ ಬಂದ ಅತಿ ದೊಡ್ಡ ಕೆಲಸ ಆಯಿತು: ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ. ಸಂವಿಧಾನದ 118ನೇ ತಿದ್ದುಪಡಿ ಮಸೂದೆ ಎಂದು 2012ರಲ್ಲಿ ಮಂಡನೆಯಾಗಿ, 98ನೇ ತಿದ್ದುಪಡಿ ಕಾಯ್ದೆ ಎಂದು ಹೊರಬಂತು. ಸಂಖ್ಯೆ ಬದಲಾಗಿದ್ದು ಯಾಕೆ ಎಂದು ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಗೊಂದಲಗೊಳ್ಳುತ್ತಾರೆ. ಮಸೂದೆಗೆ ಮಂಡನೆಯ ಸರದಿಯ ನಂಬರು, ಕಾಯ್ದೆಗೆ ಅಂಗೀಕಾರದ ಸರದಿಯ ನಂಬರು, ಅಷ್ಟೇ. ಮಂಡಿಸಿದವರು ಆಗಿನ ಗೃಹ ಸಚಿವ ಸುಶೀಲಕುಮಾರ್ ಶಿಂಧೆ, ನಮ್ಮ ಪಕ್ಕದ ಸೊಲ್ಲಾಪುರದವರು. ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ ಪರಿಶೀಲಿಸಿತು, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, 2013ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಸಂವಿಧಾನ ತಿದ್ದುಪಡಿಗೆ ಪ್ರತಿ ಸದನದಲ್ಲೂ ಎರಡು ಗೆರೆ ದಾಟಬೇಕು: ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ. ವಿರೋಧ ಪಕ್ಷ ಕೈಜೋಡಿಸದೆ ಇದು ಆಗುವ ಮಾತಲ್ಲ. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ವರ್ಷಗಟ್ಟಲೆ ಹೋರಾಡಿದರು; ಎನ್‌ಡಿಎ ಸರ್ಕಾರದಲ್ಲಿ ಎಲ್.ಕೆ. ಆಡ್ವಾಣಿ ಗೃಹ ಸಚಿವರಾಗಿದ್ದಾಗ ಈ ಬೇಡಿಕೆಗೆ ‘ಆಗದು’ ಎಂಬ ಉತ್ತರ ಬಂದಿತ್ತು. ಆ ‘ಆಗದು’ವನ್ನು ‘ಆಯಿತು’ ಮಾಡಿಸುವುದು ಮಂತ್ರಿಮಂಡಲದೊಳಗೆ ಮತ್ತು ಪಕ್ಷ ಪಕ್ಷಗಳ ನಡುವೆ ಓಡಾಡುವ ಕೆಲಸ. ಅದು ಯಾವ ರಿಪೋರ್ಟ್ ಕಾರ್ಡಿನ ಯಾವ ಕಾಲಮ್ಮಿನಲ್ಲೂ ಕೂರುವುದಿಲ್ಲ.

ಹಾಗಂತ ಪ್ರಶ್ನೆಗೆ ಬೆಲೆಯಿಲ್ಲ ಎಂದಲ್ಲ. ಮಂತ್ರಿಯಲ್ಲದ ಎಂಪಿಯ ಕೈಯಲ್ಲಿರುವ ನಿಜವಾದ ಹತ್ಯಾರ ಪ್ರಶ್ನೆಯೇ. ಆದರೆ ಎಣಿಸುವ ಬದಲು ಓದಬೇಕು.

ಲೋಕಸಭೆಯಲ್ಲಿ ಒಬ್ಬ ಸದಸ್ಯರು ಒಂದು ದಿನಕ್ಕೆ ಐದು ಪ್ರಶ್ನೆಗಳ ತನಕ ನೋಟಿಸ್ ಕೊಡಬಹುದು. ಕನಿಷ್ಠ 15 ದಿನ ಮುಂಚೆ ಕೊಡಬೇಕು, 150 ಪದ ಮೀರಬಾರದು. ನೋಟಿಸ್‌ಗಳು ರಾಶಿ ಬೀಳುವುದರಿಂದ ಚೀಟಿ ಎತ್ತುತ್ತಾರೆ; ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಗೆ ಬರುತ್ತವೆ. ರಾಜ್ಯಸಭೆಯಲ್ಲಿ ಇದು 15 ಮತ್ತು 160. ಚುಕ್ಕೆಯದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಎಸೆಯಬಹುದು. ಚುಕ್ಕೆಯಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಪ್ರಶ್ನೋತ್ತರ ವೇಳೆ ಒಂದೇ ತಾಸು. ಇಪ್ಪತ್ತರಲ್ಲಿ ನಾಲ್ಕೈದು ಪ್ರಶ್ನೆ ಮುಟ್ಟಿದರೆ ಹೆಚ್ಚು, ಗದ್ದಲವಾದರೆ ಒಂದೂ ಇಲ್ಲ. ಹದಿನೇಳನೆಯ ಸ್ಥಾನದಲ್ಲಿ ಚುಕ್ಕೆ ಪ್ರಶ್ನೆ ಬಂತೆಂದು ಫೇಸ್‌ಬುಕ್ಕಿನಲ್ಲಿ ಸಂಭ್ರಮಿಸಿದರೆ ಅದರಲ್ಲಿ ಹೆಚ್ಚೇನೂ ಇಲ್ಲ. ಆ ತಾಸಿನಲ್ಲಿ ಸರದಿ ಅಲ್ಲಿಗೆ ತಲುಪಿರುವುದಿಲ್ಲ. ಇನ್ನೊಂದು ಮರ್ಮ: ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಒಂದೇ ಉತ್ತರ ಕೊಡುತ್ತಾರೆ, ಮೇಲೆ ಆರೇಳು ಹೆಸರು ಇರುತ್ತವೆ. ಎಣಿಕೆಯಲ್ಲಿ ಎಲ್ಲರಿಗೂ ಒಂದೊಂದು ಅಂಕ ಬರುತ್ತದೆ. ಕರಡು ಬರೆದವರು ಎಂಪಿಯೋ, ಅವರ ಆಪ್ತ ಸಹಾಯಕನೋ, ಇಂಟರ್ನ್‌ಶಿಪ್‌ಗೆ ಬಂದ ಹುಡುಗನೋ, ಪ್ರಶ್ನೆಯ ಮೈಕಟ್ಟು ನೋಡಿದರೆ ಗೊತ್ತಾಗುತ್ತದೆ.

ತೊಗರಿಯನ್ನೇ ತಗೊಳ್ಳಿ. ನಮ್ಮ ಭಾಗದ ಯಾವ ಎಂಪಿಯೂ ತೊಗರಿ ಬಿಟ್ಟು ರಾಜಕಾರಣ ಮಾಡಲಾರರು. ಸಪ್ಪೆ ಪ್ರಶ್ನೆ ಹೀಗಿರುತ್ತದೆ: “ತೊಗರಿ ಬೆಳೆಗಾರರ ಹಿತ ಕಾಯಲು ಸರ್ಕಾರ ಕೈಗೊಂಡ ಕ್ರಮಗಳೇನು?” ಇದಕ್ಕೆ ಎರಡು ಪುಟದ ಉತ್ತರ ಬರುತ್ತದೆ: ಬೆಂಬಲ ಬೆಲೆಯ ನೀತಿ, ಪಿಎಂ-ಆಶಾ, ಬೆಳೆ ವಿಮೆ, ಬೀಜ ಕಿಟ್. ಕಲಬುರಗಿ ಎಂಬ ಶಬ್ದವೇ ಅದರಲ್ಲಿ ಇರುವುದಿಲ್ಲ. ಗಟ್ಟಿ ಪ್ರಶ್ನೆಯನ್ನು ಹೀಗೆ ಕಟ್ಟಬೇಕು:

“ಕೃಷಿ ಮತ್ತು ರೈತರ ಕಲ್ಯಾಣ ಸಚಿವರು ತಿಳಿಸುವರೇ: (ಎ) ಕಳೆದ ಮೂರು ಹಂಗಾಮುಗಳಲ್ಲಿ ಬೆಲೆ ಬೆಂಬಲ ಯೋಜನೆಯಡಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಜಿಲ್ಲಾವಾರು, ವರ್ಷವಾರು ಖರೀದಿಸಿದ ತೊಗರಿಯ ಪ್ರಮಾಣ ಮತ್ತು ಮಾರಿದ ರೈತರ ಸಂಖ್ಯೆ, (ಬಿ) ಪ್ರತಿ ಹಂಗಾಮಿನಲ್ಲಿ ರಾಜ್ಯದ ಪ್ರಸ್ತಾವ ಕೇಂದ್ರಕ್ಕೆ ತಲುಪಿದ ದಿನಾಂಕ, ಮಂಜೂರಾತಿ ನೀಡಿದ ದಿನಾಂಕ, ಮೊದಲ ಖರೀದಿ ಕೇಂದ್ರ ತೆರೆದ ದಿನಾಂಕ, (ಸಿ) ತೂಕವಾದ ದಿನದಿಂದ ಹಣ ಜಮೆಯಾಗಲು ಹಿಡಿದ ಸರಾಸರಿ ದಿನ, (ಡಿ) ತೇವಾಂಶ ಮತ್ತಿತರ ಕಾರಣಕ್ಕೆ ತಿರಸ್ಕರಿಸಿದ ಪ್ರಮಾಣ?”

ಈ ಪ್ರಶ್ನೆಯ ಜೀವ (ಬಿ)ಯಲ್ಲಿದೆ. ರಾಶಿ ಡಿಸೆಂಬರ್ ಕೊನೆಯಿಂದ ಶುರುವಾಗುತ್ತದೆ. ಸಾಲ ತೀರಿಸುವ ತರಾತುರಿಯಲ್ಲಿರುವ ಸಣ್ಣ ರೈತ ಗಂಜ್ ಮಾರುಕಟ್ಟೆಗೆ ಒಯ್ದು ಅಡತಿಯಲ್ಲಿ ಮಾರಿ ಮುಗಿಸಿದ ಮೇಲೆ ಖರೀದಿ ಕೇಂದ್ರ ತೆರೆದರೆ ಅದರ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ತಡ ಮಾಡಿದ್ದು ಬೆಂಗಳೂರೋ ದಿಲ್ಲಿಯೋ ಎಂಬ ತೋರುಬೆರಳಿನ ಆಟಕ್ಕೆ ಮೂರು ದಿನಾಂಕ ಕಾಗದದ ಮೇಲೆ ಬಂದರೆ ಸಾಕು. ಬೆಂಬಲ ಬೆಲೆ ಕ್ವಿಂಟಲಿಗೆ 2023-24ರಲ್ಲಿ 7,000, 2024-25ರಲ್ಲಿ 7,550, 2025-26ರಲ್ಲಿ 8,000 ರೂಪಾಯಿ ಎಂದು ಘೋಷಣೆಯಾಯಿತು. ಘೋಷಣೆಯ ಬೆಲೆಯನ್ನು ಮತ್ತೆ ಸದನದಲ್ಲಿ ಕೇಳಿ ಪಡೆಯುವುದರಲ್ಲಿ ಅರ್ಥವಿಲ್ಲ, ಅದು ಪತ್ರಿಕೆಯಲ್ಲೇ ಬಂದಿರುತ್ತದೆ.

ಪ್ರಶ್ನೆ ಹಾಳಾಗುವುದು ಹೆಚ್ಚಾಗಿ ವಿಳಾಸ ತಪ್ಪಿ. ಬೆಂಬಲ ಬೆಲೆ ಮತ್ತು ಖರೀದಿ ಕೃಷಿ ಸಚಿವಾಲಯದ್ದು. ಬೇಳೆಯ ಕಾಪು ದಾಸ್ತಾನು, ದಾಸ್ತಾನು ಮಿತಿ ಗ್ರಾಹಕ ವ್ಯವಹಾರಗಳದ್ದು. ಆಮದು ನೀತಿ ವಾಣಿಜ್ಯ ಸಚಿವಾಲಯದ್ದು, ಸುಂಕ ಹಣಕಾಸಿನದ್ದು. 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಿದ ಮೇಲೆ ಅದನ್ನು ಮತ್ತೆ ಮತ್ತೆ ವಿಸ್ತರಿಸಿದರು. ಮ್ಯಾನ್ಮಾರ್ ಮತ್ತು ಆಫ್ರಿಕಾದ ತೊಗರಿ ಹಡಗಿನಲ್ಲಿ ಬಂದಿಳಿದರೆ ಕಲಬುರಗಿ ಗಂಜಿನ ಧಾರಣೆ ಅಲುಗಾಡುತ್ತದೆ. ಈ ಪ್ರಶ್ನೆಯನ್ನು ಕೃಷಿ ಸಚಿವರಿಗೆ ಹಾಕಿದರೆ “ಈ ವಿಷಯ ನಮ್ಮ ಸಚಿವಾಲಯಕ್ಕೆ ಸಂಬಂಧಿಸಿಲ್ಲ” ಎಂದು ವರ್ಗವಾಗಿ ಹೋಗುತ್ತದೆ, ಇಲ್ಲವೇ ಆ ಭಾಗವನ್ನು ಸದ್ದಿಲ್ಲದೆ ಬಿಟ್ಟು ಉತ್ತರ ಬರುತ್ತದೆ. ಒಂದೇ ಅಧಿವೇಶನದಲ್ಲಿ ಒಂದೇ ಬೆಳೆಯ ಬಗ್ಗೆ ಮೂರು ಸಚಿವಾಲಯಕ್ಕೆ ಮೂರು ಬೇರೆ ಪ್ರಶ್ನೆ ಹಾಕಿದ ಎಂಪಿ ಸಿಕ್ಕರೆ, ಅವರ ಕಚೇರಿಯಲ್ಲಿ ಕೆಲಸ ಬಲ್ಲವರು ಇದ್ದಾರೆ ಎಂದು ತಿಳಿಯಿರಿ.

ಇನ್ನು ಉತ್ತರ ಓದುವುದು. ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರು, ಲೋಕಸಭೆಯ ಸಂಖ್ಯೆ, ಸಚಿವಾಲಯ ಆರಿಸಿದರೆ ಪ್ರತಿ ಪ್ರಶ್ನೆ ಮತ್ತು ಉತ್ತರ ಪಿಡಿಎಫ್ ಆಗಿ ಇಂಗ್ಲಿಷ್, ಹಿಂದಿಯಲ್ಲಿ ಸಿಗುತ್ತದೆ. ಹೆಸರು ಹುಡುಕಿ ಸಿಗದಿದ್ದರೆ ಅಡ್ಡಹೆಸರು ಮೊದಲು ಹಾಕಿ ನೋಡಿ. ಪಟ್ಟಿ ಎಷ್ಟೋ ಸಲ ಹಾಗಿರುತ್ತದೆ. ಉತ್ತರದಲ್ಲಿ ಮೊದಲ ಪುಟ ಬಿಟ್ಟು ಅನುಬಂಧಕ್ಕೆ ಹೋಗಿ. ಕೋಷ್ಟಕ ಇರುವುದು ಅಲ್ಲಿ. ಜಿಲ್ಲಾವಾರು ಕೇಳಿದ್ದಕ್ಕೆ ರಾಜ್ಯವಾರು ಕೊಟ್ಟಿದ್ದರೆ ಉತ್ತರ ಜಾರಿಕೊಂಡಿತು ಎಂದರ್ಥ. “(ಎ) ರಿಂದ (ಡಿ)” ಎಂದು ನಾಲ್ಕೂ ಭಾಗವನ್ನು ಕೂಡಿಸಿ ಒಂದೇ ಕಂತೆಯಲ್ಲಿ ಉತ್ತರಿಸಿದ್ದರೆ, ಯಾವ ಭಾಗ ಕಾಣೆಯಾಗಿದೆ ಎಂದು ಬೆರಳಿಟ್ಟು ನೋಡಿ, ಒಂದಂತೂ ಕಾಣೆಯಾಗಿರುತ್ತದೆ. “ಕೃಷಿ ರಾಜ್ಯ ವಿಷಯ” ಎಂದು ಶುರುವಾದರೆ ಮುಂದೆ ಹೆಚ್ಚೇನೂ ಇರುವುದಿಲ್ಲ.

“ಪರಿಶೀಲನೆಯಲ್ಲಿದೆ”, “ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು” ಎಂಬ ಮಾತು ಬಂದರೆ ಅದನ್ನು ಗುರುತು ಮಾಡಿಟ್ಟುಕೊಳ್ಳಿ. ಇದು ಹಾರಿಕೆಯ ಮಾತಿನಂತೆ ಕಂಡರೂ ಸದನದ ಲೆಕ್ಕದಲ್ಲಿ ‘ಆಶ್ವಾಸನೆ’. ಸರ್ಕಾರಿ ಆಶ್ವಾಸನೆಗಳ ಸಮಿತಿ ಎಂಬುದೊಂದಿದೆ, ಮೂರು ತಿಂಗಳೊಳಗೆ ಈಡೇರಿಸಬೇಕು ಎಂಬ ನಿಯಮವಿದೆ, ಬಾಕಿ ಆಶ್ವಾಸನೆಗಳ ಪಟ್ಟಿಯೂ ಇರುತ್ತದೆ. ಸಚಿವಾಲಯಗಳು ‘ಈ ಆಶ್ವಾಸನೆಯನ್ನು ಕೈಬಿಡಿ’ ಎಂದು ಸಮಿತಿಗೆ ಗೋಗರೆಯುವುದೂ ಉಂಟು. ಎಂಪಿಯ ನಿಜವಾದ ಪರೀಕ್ಷೆ ಇಲ್ಲಿದೆ: ಜಾರಿಕೆಯ ಉತ್ತರ ಬಂದ ಮೇಲೆ ಮುಂದಿನ ಅಧಿವೇಶನದಲ್ಲಿ ಹಿಂದಿನ ಪ್ರಶ್ನೆಯ ಸಂಖ್ಯೆ, ದಿನಾಂಕ ಹಾಕಿ ಮತ್ತೆ ಕೇಳಿದರಾ? ಮೊದಲ ಪ್ರಶ್ನೆ ಯಾರಾದರೂ ಕೇಳುತ್ತಾರೆ. ಎರಡನೆಯದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ನೂರು ಬಿಡಿ ಪ್ರಶ್ನೆಗಳಿಗಿಂತ, ಒಂದೇ ವಿಷಯದ ಬೆನ್ನು ಹತ್ತಿ ಕೇಳಿದ ನಾಲ್ಕು ಪ್ರಶ್ನೆ ತೂಕದವು.

ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯ ವೇಳೆಯ ಬಗ್ಗೆ ಎರಡು ಮಾತು ಸಾಕು. ವೀಡಿಯೋ ತುಣುಕಾಗಿ ನಮ್ಮ ಮೊಬೈಲಿಗೆ ಬರುವುದು ಹೆಚ್ಚಾಗಿ ಅದೇ. ಮಂತ್ರಿ ಅಲ್ಲೇ ಉತ್ತರಿಸಬೇಕೆಂಬ ಕಟ್ಟಳೆ ಇಲ್ಲ. ರಾಜ್ಯಸಭೆಯಲ್ಲಿ ಮೂರು ನಿಮಿಷಕ್ಕೆ ಮೈಕು ತಾನಾಗಿ ಬಂದ್. ಅದಕ್ಕಿಂತ ಲೋಕಸಭೆಯ ನಿಯಮ 377ರ ಅಡಿ ಓದಿದ ಅಥವಾ ಸದನದ ಮುಂದಿಟ್ಟ ಟಿಪ್ಪಣಿ ಒಳ್ಳೆಯದು. ಆ ಸಚಿವಾಲಯದಿಂದ ಸದಸ್ಯರಿಗೆ ಲಿಖಿತ ಉತ್ತರ ಬರುತ್ತದೆ. “ಸಂಸತ್ತಿನಲ್ಲಿ ಗುಡುಗಿದರು” ಎಂಬ ತಲೆಬರಹ ನೋಡಿದರೆ, ಆ ಗುಡುಗಿಗೆ ಬಂದ ಪತ್ರ ಎಲ್ಲಿ ಎಂದು ಕೇಳಿ.

ಎಂಪಿಯ ನಿಲುವು ಏನು ಎಂದು ತಿಳಿಯುವುದು ಇದಕ್ಕಿಂತ ತೊಡಕಿನ ಕೆಲಸ. ಬಹುತೇಕ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಹೌದು ಎಂದವರ ಗದ್ದಲ, ಇಲ್ಲ ಎಂದವರ ಗದ್ದಲ, ಪೀಠದಿಂದ ತೀರ್ಮಾನ. ಯಾರು ಯಾವ ಕಡೆ ಎಂಬ ಹೆಸರಿನ ದಾಖಲೆ ಇಲ್ಲ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ ಪಾಸಾಗಿದ್ದು ಹೀಗೆಯೇ. ವಿರೋಧ ಪಕ್ಷದವರು ಮತ ವಿಭಜನೆ ಕೇಳಿದರೂ ಆಗಲಿಲ್ಲ. ಮತ ವಿಭಜನೆಯಾದರೆ ಮಾತ್ರ ಒಬ್ಬೊಬ್ಬರ ಹೆಸರೂ ಚರ್ಚೆಯ ನಡಾವಳಿಯಲ್ಲಿ ಅಚ್ಚಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಪರ, 2 ವಿರೋಧ; 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿಗೆ 288 ಪರ, 232 ವಿರೋಧ. ಈ ಪಟ್ಟಿಗಳಲ್ಲಿ ನಮ್ಮ ಎಂಪಿಯ ಹೆಸರು ಎಲ್ಲಿದೆ ಎಂದು ಯಾರು ಬೇಕಾದರೂ ತೆಗೆದು ನೋಡಬಹುದು.

ಹಾಗೆ ನೋಡಿದರೂ ಸಿಗುವುದು ಪಕ್ಷದ ನಿಲುವು. 1985ರಲ್ಲಿ ಪಕ್ಷಾಂತರ ನಿಷೇಧ ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸ್ಥಾನಕ್ಕೇ ಸಂಚಕಾರ. ಎಂಪಿ ತಾನೇನು ಯೋಚಿಸುತ್ತಾರೆ ಎಂಬುದು ಕಾಣುವುದು ವಿಪ್ ನಡೆಯದ ಜಾಗದಲ್ಲಿ. ಅಂಥ ಜಾಗ ಸ್ಥಾಯಿ ಸಮಿತಿ. ಇಲಾಖೆಗಳಿಗೆ ಸಂಬಂಧಿಸಿದ 24 ಸಮಿತಿಗಳಿವೆ, ಒಂದೊಂದರಲ್ಲಿ 31 ಜನ: ಲೋಕಸಭೆಯ 21, ರಾಜ್ಯಸಭೆಯ 10. ವರದಿಯ ಕೊನೆಗೆ ಸಭೆಗಳ ನಡಾವಳಿ ಲಗತ್ತಾಗಿರುತ್ತದೆ. ಯಾರು ಹಾಜರಿದ್ದರು ಎಂಬ ಪಟ್ಟಿ ಅದರಲ್ಲೇ. ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದಿದ್ದರೆ ಅದೂ ಅಲ್ಲೇ. ಕ್ಯಾಮೆರಾ ಇಲ್ಲದ ಕೋಣೆಯಾದ್ದರಿಂದ ಅಲ್ಲಿ ಪಕ್ಷಗಳು ಅಷ್ಟಾಗಿ ಕಚ್ಚಾಡುವುದಿಲ್ಲ. ಖರ್ಗೆಯವರು 2017ರಿಂದ 2019ರವರೆಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾಗಿದ್ದರು. ಆ ಕಾಲದ ಅವರ ಕೆಲಸ ಬೇಕೆಂದರೆ ಸದನದ ಭಾಷಣದ ಜೊತೆಗೆ ಆ ವರದಿಗಳನ್ನೂ ತೆರೆಯಬೇಕು. ಮಂತ್ರಿಯಲ್ಲದ ಸದಸ್ಯರು ತರುವ ಖಾಸಗಿ ಮಸೂದೆ ಇನ್ನೊಂದು ಜಾಗ. ಶುಕ್ರವಾರ ಮಧ್ಯಾಹ್ನದ ಎರಡೂವರೆ ತಾಸು ಅದಕ್ಕೆ ಮೀಸಲು. ಇದುವರೆಗೆ ಕಾಯ್ದೆಯಾದವು 14 ಮಾತ್ರ, ಕೊನೆಯದು 1970ರಲ್ಲಿ. ಪಾಸಾಗುವುದಿಲ್ಲ ಎಂದು ಗೊತ್ತಿದ್ದೂ ಮಂಡಿಸುತ್ತಾರೆ. ಒಬ್ಬರ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿಯಲು ಅಷ್ಟು ಸಾಕು.

ಭಾಷಣದ ಪಠ್ಯ ಓದುವಾಗ ಒಂದು ಎಚ್ಚರ. 2023ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಭಾಷಣದ ವಂದನಾ ನಿರ್ಣಯದ ಮೇಲೆ ಖರ್ಗೆಯವರು ಆಡಿದ ಮಾತುಗಳಲ್ಲಿ ಕೆಲವನ್ನು ಕಡತದಿಂದ ತೆಗೆಸಿದರು. ಅಂಥ ಕಡೆ ಅಧಿಕೃತ ಪಠ್ಯದಲ್ಲಿ ಚುಕ್ಕೆಗಳೋ ನಕ್ಷತ್ರಗಳೋ ಇರುತ್ತವೆ. ಯೂಟ್ಯೂಬಿನಲ್ಲಿ ಮಾತು ಇರುತ್ತದೆ, ನಡಾವಳಿಯಲ್ಲಿ ಇರುವುದಿಲ್ಲ. “ಸಂಸತ್ತಿನಲ್ಲಿ ಹೀಗೆ ಹೇಳಿದರು” ಎಂದು ಬರೆಯುವ ಮುನ್ನ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

ಇಷ್ಟೆಲ್ಲ ಹೇಳಿದರೂ ಊರಲ್ಲಿ ಎಂಪಿ ಎಂದರೆ ಫಂಡು. ಸಂಸದರ ನಿಧಿ ಶುರುವಾದದ್ದು 1993ರ ಡಿಸೆಂಬರ್ 23ರಂದು. 2011-12ರಿಂದ ವರ್ಷಕ್ಕೆ 5 ಕೋಟಿ. ಕೋವಿಡ್ ಎಂದು 2020ರ ಏಪ್ರಿಲ್‌ನಲ್ಲಿ ನಿಲ್ಲಿಸಿ 2021ರ ನವೆಂಬರ್‌ನಲ್ಲಿ ಮತ್ತೆ ಬಿಟ್ಟರು, ಆದ್ದರಿಂದ ಆ ವರ್ಷಗಳ ಖರ್ಚು ಕಡಿಮೆ ಎಂದು ಯಾರನ್ನೂ ಬೈಯುವ ಹಾಗಿಲ್ಲ. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ಕನಿಷ್ಠ ಶೇ 15, ಅಂದರೆ 75 ಲಕ್ಷ, ಪರಿಶಿಷ್ಟ ಜಾತಿಯವರು ಹೆಚ್ಚಿರುವ ಕಡೆ ಹೋಗಬೇಕು, ಶೇ 7.5, ಅಂದರೆ 37.5 ಲಕ್ಷ, ಪರಿಶಿಷ್ಟ ಪಂಗಡದವರಿರುವ ಕಡೆ. ಇದೇ ಹೊತ್ತಿಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ 2024-25ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದ ಮೊತ್ತ 5,000 ಕೋಟಿ. ಐದು ಕೋಟಿ ಅದರ ಸಾವಿರದಲ್ಲೊಂದು ಪಾಲು. ಆ ಮಂಡಳಿಗೆ ಬೇರು ಇರುವುದು 371(ಜೆ)ಯಲ್ಲಿ. ಫಂಡಿನ ಬಸ್ ನಿಲ್ದಾಣ ಎಣಿಸುವವರು ಈ ಲೆಕ್ಕವನ್ನೂ ಒಮ್ಮೆ ಹಾಕಬೇಕು.

ಆದರೂ ನಿಧಿ ಹೇಗೆ ನಡೆಯುತ್ತದೆ ಎಂದು ಗೊತ್ತಿರಲಿ. ಹಣ ಎಂಪಿಯ ಜೇಬಿಗೆ ಬರುವುದಿಲ್ಲ, ಅವರು ಶಿಫಾರಸು ಮಾತ್ರ ಮಾಡುತ್ತಾರೆ. 2023ರ ಏಪ್ರಿಲ್‌ನಿಂದ ಅದು ಇ-ಸಾಕ್ಷಿ ಪೋರ್ಟಲಿನಲ್ಲಿ. ಮಂಜೂರು ಮಾಡುವುದು ಜಿಲ್ಲಾಧಿಕಾರಿ ಕಚೇರಿ. ಆಗದಿದ್ದರೆ 45 ದಿನದೊಳಗೆ ಕಾರಣ ಹೇಳಬೇಕು. ಕಟ್ಟುವುದು ನಿರ್ಮಿತಿ ಕೇಂದ್ರ, ಪಂಚಾಯತ್‌ರಾಜ್ ಎಂಜಿನಿಯರಿಂಗ್‌ನಂಥ ಅನುಷ್ಠಾನ ಸಂಸ್ಥೆ. ಕ್ಷೇತ್ರ ಎರಡು ಜಿಲ್ಲೆಯಲ್ಲಿ ಹರಡಿದ್ದರೆ ಎಂಪಿ ಒಂದನ್ನು ನೋಡಲ್ ಜಿಲ್ಲೆ ಎಂದು ಆರಿಸುತ್ತಾರೆ. ಆಳಂದದ ಕೆಲಸದ ಕಡತ ಎರಡು ಜಿಲ್ಲೆಯ ನಡುವೆ ಓಡಾಡುವುದು ಇದರಿಂದಲೇ. ವಿಚಾರಿಸಲು ಹೋಗುವ ಮೊದಲು ಕಡತ ಸದ್ಯ ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿಕೊಂಡು ಹೋಗಿ.

ಸಮುದಾಯ ಭವನವೊಂದನ್ನು ಹತ್ತಿರದಿಂದ ನೋಡೋಣ, ಹೆಚ್ಚು ಕೆಡುವುದು ಅಲ್ಲೇ. ಊರವರು ಅರ್ಜಿ ಕೊಡುತ್ತಾರೆ, ಎಂಪಿ 10 ಲಕ್ಷಕ್ಕೆ ಪತ್ರ ಕೊಡುತ್ತಾರೆ, ಹೂವಿನ ಹಾರ ಆಗುತ್ತದೆ. ಎಂಜಿನಿಯರ್ ಜಾಗಕ್ಕೆ ಬಂದು ಪಹಣಿ ಕೇಳಿದರೆ ಅದು ಇನ್ನೂ ದಾನ ಕೊಟ್ಟವರ ಅಜ್ಜನ ಹೆಸರಲ್ಲಿದೆ. ಬಾಯಿಮಾತಿನ ದಾನ ನಡೆಯುವುದಿಲ್ಲ. ದಾನಪತ್ರ ನೋಂದಣಿಯಾಗಿ ಗ್ರಾಮ ಪಂಚಾಯಿತಿಯ ಹೆಸರಿಗೆ ಬರಬೇಕು. ಜಾಗ ಗುಡಿಯದೋ ದರ್ಗಾದ್ದೋ ಮಠದ್ದೋ ಆಗಿದ್ದರೆ ಅಲ್ಲಿಗೇ ನಿಂತಿತು, ಧಾರ್ಮಿಕ ಸ್ಥಳಕ್ಕೆ ಈ ನಿಧಿ ಇಲ್ಲ. ಸಂಘದ ಹೆಸರಲ್ಲಿ ಕೇಳಿದರೆ ಸಂಘ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಕಳೆದಿರಬೇಕು. ಭವನಕ್ಕೆ ತೀರಿಕೊಂಡ ಮುಖಂಡರ ಹೆಸರಿಡುವ ಆಸೆ ಇದ್ದರೆ ಬಿಡಬೇಕು, ವ್ಯಕ್ತಿಯ ಹೆಸರು ಇಡುವಂತಿಲ್ಲ. ಎಂಪಿ ನಿಧಿಯದು ಎಂಬ ಫಲಕ ಮಾತ್ರ ಕಡ್ಡಾಯ. ಭೂಸ್ವಾಧೀನ, ಸಾಲ ತೀರಿಕೆ, ಯಾರಿಗಾದರೂ ನಗದು ಸಹಾಯ ಇದರಲ್ಲಿ ಬರುವುದಿಲ್ಲ. ಇದೆಲ್ಲ ಸರಿಯಿದ್ದರೂ ಮಂಜೂರಾತಿಗೆ ಮೊದಲೇ ಇನ್ನೊಂದು ಕಾಗದ ಬೇಕು: ಮುಂದಿನ ನಿರ್ವಹಣೆ ನಮ್ಮದು ಎಂದು ಪಂಚಾಯಿತಿಯ ಒಪ್ಪಿಗೆ. ಇದನ್ನು ಸಹಿಗೆ ಸಹಿ ಹಾಕಿ ಕೊಟ್ಟು ಮರೆಯುತ್ತಾರೆ. ನಮ್ಮ ಊರುಗಳಲ್ಲಿ ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳಲ್ಲಿ ಎಷ್ಟೋ ಯಂತ್ರ ಸರಿಯಾಗಿಯೇ ಇರುತ್ತದೆ. ಕರೆಂಟ್ ಬಿಲ್ ಯಾರು ಕಟ್ಟಬೇಕು, ಮೆಂಬ್ರೇನ್ ಯಾರು ಬದಲಿಸಬೇಕು ಎಂಬುದು ಮಾತ್ರ ಯಾರ ತಲೆಯಲ್ಲೂ ಇರುವುದಿಲ್ಲ.

ಫಂಡಿಗಿಂತ ದೊಡ್ಡದು ದಿಶಾ ಸಭೆ. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿವೆ ಎಂದು ನೋಡುವ ಈ ಸಮಿತಿ 2016ರಲ್ಲಿ ಬಂತು. ಅಧ್ಯಕ್ಷತೆ ಲೋಕಸಭಾ ಸದಸ್ಯರದು, ಮೂರು ತಿಂಗಳಿಗೊಮ್ಮೆ ಸೇರಬೇಕು. ಜಿಲ್ಲೆಯಲ್ಲಿ ಇಬ್ಬರು ಎಂಪಿಗಳಿದ್ದರೆ ಹಿರಿಯರು ಅಧ್ಯಕ್ಷರು, ಇನ್ನೊಬ್ಬರು ಸಹ ಅಧ್ಯಕ್ಷರು. ಉದ್ಯೋಗ ಖಾತ್ರಿ, ಜಲ ಜೀವನ್, ಆವಾಸ್, ಬೆಳೆ ವಿಮೆ ಎಲ್ಲ ಇಲ್ಲಿಗೆ ಬರುತ್ತವೆ. ಮಂಜೂರು ಮಾಡುವ ಅಧಿಕಾರ ಇಲ್ಲ, ಆದರೆ ಕೇಳುವ ಅಧಿಕಾರ ಇದೆ. ಅಧಿಕಾರಿಗಳು “ಪ್ರಗತಿಯಲ್ಲಿದೆ ಸರ್” ಎನ್ನುತ್ತಾರೆ, ಎಂಪಿಗಳು “ತರಾಟೆಗೆ ತೆಗೆದುಕೊಂಡರು” ಎಂದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ತರಾಟೆಯ ಸುದ್ದಿ ಬಿಡಿ. ಮಾಹಿತಿ ಹಕ್ಕಿನಲ್ಲಿ ನಡಾವಳಿ ತರಿಸಿ, ಅದರಲ್ಲಿ ‘ಹಿಂದಿನ ಸಭೆಯ ನಡಾವಳಿಯ ಮೇಲಿನ ಅನುಪಾಲನಾ ವರದಿ’ ಎಂಬ ಭಾಗ ಹುಡುಕಿ. ಒಂದೇ ವಾಕ್ಯ ಮೂರು ಸಭೆಯಲ್ಲಿ ಅಕ್ಷರ ಬದಲಾಗದೆ ಬಂದಿದ್ದರೆ ಆ ಸಮಿತಿ ಚಹಾ ಬಿಸ್ಕತ್ತಿಗೆ ಸೇರುತ್ತಿದೆ.

ರೈಲಿನ ವಿಷಯದಲ್ಲಿ ನಮ್ಮಷ್ಟು ಭರವಸೆ ಉಂಡವರು ಕಡಿಮೆ. ಮೊದಲಿಗೆ ವಿಳಾಸ ತಿಳಿದಿರಲಿ. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗ. ಯಾದಗಿರಿಯೂ ದಕ್ಷಿಣ ಮಧ್ಯಕ್ಕೇ ಸೇರಿದ್ದು. ಮೂರರಲ್ಲಿ ಒಂದೂ ಹುಬ್ಬಳ್ಳಿಯ ನೈಋತ್ಯ ರೈಲ್ವೆಯಲ್ಲಿ ಇಲ್ಲ, ಆದರೂ ಮನವಿಗಳು ಹುಬ್ಬಳ್ಳಿಗೆ ಹೋಗುತ್ತಿರುತ್ತವೆ. ಈ ಹರಿದು ಹಂಚಿಕೆಯನ್ನು ಸರಿಪಡಿಸಲೆಂದೇ ಕಲಬುರಗಿ ವಿಭಾಗ 2014ರಲ್ಲಿ, ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಘೋಷಣೆಯಾಯಿತು. ದಶಕ ಕಳೆದರೂ ಕಾರ್ಯಾರಂಭ ಇಲ್ಲ. ಬೀದರ್–ಕಲಬುರಗಿ 110 ಕಿಲೋಮೀಟರ್ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಉದ್ಘಾಟನೆಯಾಗಿದ್ದು 2017ರ ಅಕ್ಟೋಬರ್ 29ರಂದು. ಆ ನಡುವೆ ಎಷ್ಟು ಎಂಪಿಗಳು ಅದನ್ನು ತಮ್ಮ ಸಾಧನೆ ಎಂದು ಕರಪತ್ರದಲ್ಲಿ ಹಾಕಿಕೊಂಡರೋ!

ಕರಪತ್ರ ನಿಜವೋ ಸುಳ್ಳೋ ತಿಳಿಯಲು ಪಿಂಕ್ ಬುಕ್ ತೆಗೆಯಿರಿ. ಬಜೆಟ್ ಜೊತೆಗೆ ರೈಲ್ವೆ ಹೊರತರುವ ಕಾಮಗಾರಿ ಪುಸ್ತಕ ಅದು, ವಲಯವಾರು ಇರುತ್ತದೆ. ಗದಗ–ವಾಡಿ ಮಾರ್ಗ ನಮ್ಮ ಸುರಪುರ, ಶಹಾಪುರದ ಮೇಲೆ ಹಾದರೂ ಹುಡುಕಬೇಕಾದ್ದು ನೈಋತ್ಯ ರೈಲ್ವೆಯ ಪುಸ್ತಕದಲ್ಲಿ. ಹೊಸ ಮಾರ್ಗಗಳ ಪುಟದಲ್ಲಿ ಒಟ್ಟು ಅಂದಾಜು, ಇಲ್ಲಿಯವರೆಗಿನ ಖರ್ಚು, ಈ ವರ್ಷದ ಹಂಚಿಕೆ ಎಂದು ಕಾಲಂ ಇರುತ್ತವೆ. ಈ ವರ್ಷದ ಹಂಚಿಕೆ ಸಾವಿರ ರೂಪಾಯಿ ಎಂದಿದ್ದರೆ ಅಚ್ಚಿನ ತಪ್ಪಲ್ಲ; ಯೋಜನೆಯನ್ನು ಕಾಗದದ ಮೇಲೆ ಉಸಿರಾಡಿಸುವ ಟೋಕನ್ ಮೊತ್ತ ಅದು. ಸದನದ ಉತ್ತರದಲ್ಲಿ “ಸಮೀಕ್ಷೆ ಮಂಜೂರಾಗಿದೆ” ಎಂದರೆ ಮಾರ್ಗ ಮಂಜೂರಾಗಿಲ್ಲ ಎಂದೇ ಅರ್ಥ. “ಅಂತಿಮ ಸ್ಥಳ ಸಮೀಕ್ಷೆ” ಎಂದರೆ ಒಂದು ಮೆಟ್ಟಿಲು ಮೇಲೆ. ವಿವರ ಯೋಜನಾ ವರದಿ ಆಗಿ, ನೀತಿ ಆಯೋಗ ಮತ್ತು ಹಣಕಾಸಿನವರ ಅಭಿಪ್ರಾಯ ಮುಗಿದು ಮಂಜೂರಾತಿ ಬರಬೇಕು. “ರಾಜ್ಯ ಭೂಮಿ ಹಸ್ತಾಂತರಿಸಿಲ್ಲ” ಎಂದಿದ್ದರೆ ಎಕರೆ ಲೆಕ್ಕ ಕೇಳುವ ಮುಂದಿನ ಪ್ರಶ್ನೆ ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಒಟ್ಟಿಗೆ ಬೀಳಬೇಕು.

ಕೊನೆಗೆ ಎಂಪಿ ಮನೆಯ ಮುಂದೆ ಬೆಳಿಗ್ಗೆ ನಿಲ್ಲುವ ಸಾಲಿನ ವಿಷಯ. ಚರಂಡಿ, ರೇಷನ್ ಕಾರ್ಡ್, ವರ್ಗಾವಣೆಗೆ ಎಂಪಿ ಪತ್ರ ಕೊಟ್ಟರೂ ಅದು ಪೋಸ್ಟ್‌ಕಾರ್ಡಿನಷ್ಟೇ ಬಲದ್ದು. ಬಲ ಇರುವ ಪತ್ರ ಬೇರೆ. ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಿಂದ ದೊಡ್ಡ ಕಾಯಿಲೆಯ ಚಿಕಿತ್ಸೆಗೆ ನೆರವು ಕೇಳುವಾಗ ಎಂಪಿ ಶಿಫಾರಸು ಉಪಯೋಗಕ್ಕೆ ಬರುತ್ತದೆ. ಅರ್ಜಿಯ ಜೊತೆ ಫೋಟೋ, ವಿಳಾಸದ ದಾಖಲೆ, ಆದಾಯ ಪ್ರಮಾಣಪತ್ರ, ಕಾಯಿಲೆಯ ಹೆಸರು ಮತ್ತು ಅಂದಾಜು ಖರ್ಚು ಇರುವ ಆಸ್ಪತ್ರೆಯ ಮೂಲ ಪತ್ರ ಬೇಕು. ಆಸ್ಪತ್ರೆ ಸರ್ಕಾರಿಯಾಗಿರಬೇಕು ಇಲ್ಲವೇ ನಿಧಿಯ ಪಟ್ಟಿಯಲ್ಲಿರಬೇಕು. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ದಾಖಲಾಗುವ ಮೊದಲೇ ಈ ಪಟ್ಟಿ ನೋಡಿಕೊಳ್ಳಿ. ಹಣ ನೇರ ಆಸ್ಪತ್ರೆಗೆ ಹೋಗುತ್ತದೆ. ಆಪರೇಷನ್ ಮುಗಿಸಿ ಬಿಲ್ ಹಿಡಿದುಕೊಂಡು ಬಂದರೆ ಸಿಗುವುದಿಲ್ಲ. ರೈಲಿನ ತುರ್ತು ಕೋಟಾ ಪತ್ರ ಪ್ರಯಾಣದ ಹಿಂದಿನ ದಿನವೇ ಸಂಬಂಧಪಟ್ಟ ರೈಲ್ವೆ ಕಚೇರಿಗೆ ಮುಟ್ಟಬೇಕು, ಪಿಎನ್‌ಆರ್ ಸರಿ ಇರಬೇಕು, ಮುಟ್ಟಿದ ಮೇಲೂ ಸೀಟು ಖಾತ್ರಿ ಇಲ್ಲ. ಕೇಂದ್ರೀಯ ವಿದ್ಯಾಲಯದ ಸೀಟಿಗೆ ಈಗಲೂ ಜನ ಬಂದು ನಿಲ್ಲುತ್ತಾರೆ. ಒಬ್ಬ ಎಂಪಿಗೆ ವರ್ಷಕ್ಕೆ ಹತ್ತು ಸೀಟಿನ ಶಿಫಾರಸು ಇತ್ತು, 2022ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಈಗ ಯಾರಾದರೂ ಎಂಪಿ ಕೋಟಾದಲ್ಲಿ ಸೀಟು ಕೊಡಿಸುತ್ತೇನೆ ಎಂದು ಲೆಟರ್‌ಹೆಡ್ ತೋರಿಸಿ ದುಡ್ಡು ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ, ಆ ಕೋಟಾವೇ ಇಲ್ಲ.